ಇಪ್ಪತ್ನಾಲ್ಕರ ಉತ್ತರ

ನೂಲಗೇರಿಯಲ್ಲಿ ಮೈ ಬಿಸಿಯಾದವರು ಹಣೆ ಮುಟ್ಟಿ ನೋಡಿಕೊಳ್ಳುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಅವರು ಬಾಗಿಲಿಗೆ ಬಂದು ಓಣಿಯ ಕಂಬ ನೋಡುತ್ತಿದ್ದರು. ಕಂಬದ ತುದಿಯಲ್ಲಿ ಹಸಿರು ದೀಪವಿದ್ದರೆ ಸಾದಾ ಜ್ವರ, ಶುಂಠಿ ಕಷಾಯ ಕುಡಿದು ಹೊದ್ದು ಮಲಗಿದರಾಯಿತು. ಕೆಂಪು ಹತ್ತಿದ್ದರೆ ಮಾತ್ರ ಚಿಂತೆ. ಆಗಲೂ ತಾವಾಗಿ ಎಲ್ಲಿಗೂ ಓಡಬೇಕಿರಲಿಲ್ಲ, ದವಾಖಾನೆಯ ವ್ಯಾನು ಓಣಿಯ ಬಾಯಿಗೇ ಬಂದು ನಿಲ್ಲುತ್ತಿತ್ತು. ಹಸಿರು ಓಣಿಯವರು ಔಷಧದ ಅಂಗಡಿಗೆ ಹೋದರೆ ಅಂಗಡಿಯವನು ನಕ್ಕು, "ನಿಮ್ಮ ಗಟಾರಕ್ಕ ಏನೂ ಆಗಿಲ್ಲಲ್ರೀ, ನಿಮಗೇನಾಗೈತಿ?" ಎಂದು ಕೇಳಿ ಕಳಿಸುತ್ತಿದ್ದ.

ದೀಪಕ್ಕೆ ಸುದ್ದಿ ಕೊಡುತ್ತಿದ್ದದ್ದು ಗಟಾರವೇ. ನೆಲದೊಳಗಿನ ಕೊಳವೆಗಳಲ್ಲಿ, ಓಣಿಗೆ ಒಂದರಂತೆ, ನೂರಾ ಇಪ್ಪತ್ತು ಪೆಟ್ಟಿಗೆಗಳನ್ನು ಕೂಡಿಸಿದ್ದರು. ಕಾಗದದ ಮೇಲೆ ಅವುಗಳ ಹೆಸರು ಸ್ಯಾಂಪ್ಲಿಂಗ್ ಕಂಟ್ರೋಲರ್, ಊರವರ ಬಾಯಲ್ಲಿ ಗಟಾರ ಡಾಕ್ಟರ್. ಪೆಟ್ಟಿಗೆ ತಾಸಿಗೊಮ್ಮೆ ಒಂದು ಚಮಚದಷ್ಟು ಕೊಳಚೆ ಹೀರಿ, ಅದರಲ್ಲಿ ಕಾಲರಾ, ಟೈಫಾಯ್ಡ್, ಕಾಮಾಲೆಯ ಕುರುಹು ಎಷ್ಟಿದೆಯೆಂದು ಅಳೆದು, ಆ ಅಂಕಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುತ್ತಿತ್ತು. ರೋಗ ಹತ್ತಿದವನಿಗೆ ತಿಳಿಯುವ ಮೊದಲೇ ಅವನ ಪಾಯಖಾನೆಯ ನೀರು ಚಾಡಿ ಹೇಳಿಬಿಡುತ್ತಿತ್ತು. ಮೊದಮೊದಲು ಜನ ಮೂಗು ಮುಚ್ಚಿಕೊಂಡು ಬೈದರು. ಮೂರನೆಯ ವರ್ಷ ಸುತ್ತಲಿನ ಊರುಗಳಲ್ಲೆಲ್ಲ ಕಾಲರಾ ಬಂದು, ನೂಲಗೇರಿಯಲ್ಲಿ ಒಬ್ಬರೂ ಸಾಯಲಿಲ್ಲ. ಆಮೇಲೆ ಗಟಾರಕ್ಕೆ ಎದುರಾಡುವವರೇ ಉಳಿಯಲಿಲ್ಲ, ಓಣಿಗೊಂದಿದ್ದ ಸಣ್ಣ ದವಾಖಾನೆಗಳು ಒಂದೊಂದಾಗಿ ಮುಚ್ಚಿದವು.

ಈ ಪೆಟ್ಟಿಗೆಗಳ ಮಾತು ಕೇಳುವ ಕೆಲಸ ಶಿವಲೀಲಾಳದು. ಹಳೆಯ ನೀರಿನ ಟಾಕಿಯ ಕೆಳಗಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಗೋಡೆಯ ತುಂಬ ಊರಿನ ನಕಾಶೆಯ ಪರದೆ, ಎರಡು ಕುರ್ಚಿ, ಒಂದು ಫ್ಯಾನು. ಅವಳು ಅಲ್ಲಿಯ ಇಂಜಿನಿಯರ್, ಮೌನೇಶ ಅವಳ ಆಪರೇಟರ್. ಹೊಸದಾಗಿ ನೋಡಲು ಬಂದವರಿಗೆ ಅವಳು ಒಂದೇ ಮಾತಿನಲ್ಲಿ ತಿಳಿಸುತ್ತಿದ್ದಳು.

"ಶಾಲ್ಯಾಗ ಹಾಜರಿ ತಗೋತಾರಲ್ರಿ, ಹಂಗ ಇದು. ಇಡೀ ಊರಿಗೆ ಎರಡೆಳಿ ತಂತಿ ಒಂದ ಐತಿ. ಎಲ್ಲಾ ಪೆಟ್ಟಿಗಿ ಅದಕ್ಕ ಜೋತು ಬಿದ್ದಾವು. ಎಲ್ಲಾರೂ ಕೂಡಿ ಮಾತಾಡಿದ್ರ ಗದ್ದಲ. ಅದಕ್ಕ ಕಂಪ್ಯೂಟರ್ ಮಾಸ್ತರ ಒಂದೊಂದ ನಂಬರ್ ಕರೀತಾನ. ಕರೆಸಿಕೊಂಡವ ಅಷ್ಟ ಬಾಯಿ ತೆಗೀಬೇಕು. ಉತ್ತರ ಬಂತೋ, ಬರಕೊಂಡು ಮುಂದಿನ ನಂಬರ್."

ಅವಳು ಹೇಳದೆ ಬಿಡುತ್ತಿದ್ದ ಸಂಗತಿಯೊಂದಿತ್ತು. ಪೆಟ್ಟಿಗೆ ತನ್ನ ಉತ್ತರದಲ್ಲಿ ತನ್ನ ನಂಬರ್ ಹೇಳುತ್ತಿರಲಿಲ್ಲ, ಬರೀ ಅಂಕಿ ಹೇಳುತ್ತಿತ್ತು. "ಹಾಜರ್ ಸರ್" ಎನ್ನುವ ಹುಡುಗ ತನ್ನ ಹೆಸರು ಹೇಳುವುದಿಲ್ಲವಲ್ಲ, ಹಾಗೆ. ಇದು ಮಿಲ್ಲಿನಿಂದ ಬಂದ ರೂಢಿ. ನೂರಾ ಇಪ್ಪತ್ತರಲ್ಲಿ ನಲವತ್ತು ಪೆಟ್ಟಿಗೆಗಳು ಊರ ಬಟ್ಟೆ ಮಿಲ್ಲಿನ ರಂಗಿನ ಖಾತೆಯವು. ಅಲ್ಲಿ ಬಣ್ಣದ ತೊಟ್ಟಿಗಳ ನೀರನ್ನು ಪರೀಕ್ಷಿಸುತ್ತಿದ್ದವು. ಮಿಲ್ಲು ಮುಚ್ಚಿದ ಮೇಲೆ ಅವನ್ನು ಒರೆಸಿ ಗಟಾರಕ್ಕೆ ಇಳಿಸಿ, ಉಳಿದ ಎಂಬತ್ತು ಹೊಸ ಪೆಟ್ಟಿಗೆಗಳಿಗೂ ಹಳೆಯವುಗಳ ಭಾಷೆಯನ್ನೇ ಕಲಿಸಿದ್ದರು. ಹಳೆಯ ಸೊಸೆ ನಡೆದಂತೆ ಹೊಸ ಸೊಸೆಯೂ ನಡೆಯಬೇಕಲ್ಲ.

ಕರೆದ ಪೆಟ್ಟಿಗೆ ಉತ್ತರಿಸಲಿ ಎಂದು ಕಂಪ್ಯೂಟರ್ ಅರ್ಧ ಸೆಕೆಂಡು ಕಾಯುತ್ತಿತ್ತು. ಉತ್ತರ ಬಾರದಿದ್ದರೆ ಹಿಂದಿನ ಅಂಕಿಯನ್ನೇ ಇಟ್ಟುಕೊಂಡು, ನಕಾಶೆಯಲ್ಲಿ ಒಂದು ಹಳದಿ ಚುಕ್ಕೆ ಇಟ್ಟು ಮುಂದೆ ಹೋಗುತ್ತಿತ್ತು. ಓಣಿಯ ದೀಪ ಇದ್ದ ಬಣ್ಣದಲ್ಲೇ ಇರುತ್ತಿತ್ತು. ಒಂದು ಸುತ್ತಿಗೆ ಒಂದು ನಿಮಿಷ.

ಆ ವರ್ಷ ಯುಗಾದಿಯ ಹಿಂದಿನ ವಾರ ರಾಜಧಾನಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ನಕಾಶೆ ನಿಮಿಷಕ್ಕೊಮ್ಮೆ ಮಿಸುಕುವುದು ನೋಡಲು ಚೆನ್ನಾಗಿರುವುದಿಲ್ಲ, ಇನ್ನಷ್ಟು ಚುರುಕಾಗಲಿ ಎಂದು ಮೇಲಿನಿಂದ ಮಾತು ಬಂತು. ಶಿವಲೀಲಾ ಹೆಚ್ಚು ಯೋಚಿಸಲಿಲ್ಲ. ಕಾಯುವ ಹೊತ್ತನ್ನು ಅರ್ಧ ಸೆಕೆಂಡಿನಿಂದ ಕಾಲು ಸೆಕೆಂಡಿಗೆ ಇಳಿಸಿದಳು. ಒಂದು ಅಂಕಿ ಅಳಿಸಿ ಇನ್ನೊಂದು ಬರೆಯುವ ಕೆಲಸ. ನಕಾಶೆ ಪಟಪಟನೆ ಮಿಂಚತೊಡಗಿತು. ಸಾಹೇಬರು ಅವಳಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿಕೊಂಡರು. ಹಳದಿ ಚುಕ್ಕೆಗಳು ಹತ್ತು ಇದ್ದದ್ದು ಇಪ್ಪತ್ತೈದಾದವು. ಇಲಿ ತಂತಿ ಕಡಿದಿರಬೇಕೆಂದು ಮೌನೇಶ ಹೇಳಿದ, ಅವಳೂ ಹೌದೆಂದಳು. ಒಂದೊಂದಾಗಿ ನೋಡಿ ಬಾ ಎಂದು ತಂತಿ ಕೆಲಸದ ಯಮನೂರಪ್ಪನಿಗೆ ಪಟ್ಟಿ ಕೊಟ್ಟಳು. ಅವನು ಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡ.

ಆ ಹಣ್ಣಿನ ಬುಟ್ಟಿಯ ಬಾಳೆಹಣ್ಣನ್ನು ಮೊದಲು ಸುಲಿದು ತಿಂದವನು ಹುಸೇನಸಾಬ ನದಾಫ. ಶಿವಲೀಲಾಳ ಅಪ್ಪ ರಾಚಪ್ಪನೂ ಅವನೂ ಮೂವತ್ತೆರಡು ವರ್ಷ ರಂಗಿನ ಖಾತೆಯಲ್ಲಿ ಜೋಡಿಯಾಗಿ ದುಡಿದವರು. ಈಗ ರಾಚಪ್ಪ ಮಗಳ ಮನೆಯಲ್ಲಿದ್ದ, ಹುಸೇನಸಾಬ ಮಿಲ್ಲಿನ ಬೆನ್ನಿಗಿರುವ ಪಿಂಜಾರ ಓಣಿಯಲ್ಲಿ. ಗುರುವಾರ ಮಧ್ಯಾಹ್ನವಾಯಿತೆಂದರೆ ಹುಸೇನಸಾಬ ಬಂದು ಚೌಕಾಬಾರದ ಮನೆ ಬರೆದ ಹಲಗೆಯ ಮುಂದೆ ಕೂರುತ್ತಿದ್ದ. ಸಂಜೆ ಚಹಾ ಒಂದೇ ಕಪ್ಪು ತರಿಸಿ ಇಬ್ಬರೂ ಹಂಚಿಕೊಳ್ಳುವುದು ಮಿಲ್ಲಿನ ಕಾಲದ ರಿವಾಜು. ರಾಚಪ್ಪನಿಗೆ ಕಪ್ಪು, ಹುಸೇನಸಾಬನಿಗೆ ಅದರ ಕೆಳಗಿನ ಬಸಿ. ಮನೆಯಲ್ಲಿ ಎಷ್ಟು ಕಪ್ಪುಗಳಿದ್ದರೂ ಇದು ಬದಲಾಗಲಿಲ್ಲ.

ಕಾಲು ಸೆಕೆಂಡಿನ ಕಥೆ ಕೇಳಿ ಹುಸೇನಸಾಬ ನಕ್ಕಿದ್ದ. "ಲೀಲವ್ವಾ, ಆ ಹಳೇ ಪೆಟ್ಟಿಗಿ ಅದಾವಲ್ಲ, ಅವು ನಮ್ಮ ವಾರಿಗಿಯವು. ಮಿಲ್ಲಿನ್ಯಾಗ ಅವನ್ನ ಕೇಳಿ, ಒಂದು ಬೀಡಿ ಸೇದಿ ಬಂದು ಉತ್ತರ ತಗೋತಿದ್ವಿ. ಅವಸರ ಮಾಡಬ್ಯಾಡವಾ."

"ಕಾಕಾ, ಅದು ನಿಮ್ಮ ಕಾಲ," ಎಂದಿದ್ದಳು ಶಿವಲೀಲಾ. ಆಮೇಲೆ ಎಷ್ಟೋ ಸಲ ಆ ಮಾತನ್ನು ನೆನೆಸಿಕೊಂಡು ಅವಳು ಒಬ್ಬಳೇ ಕೂತು ಅತ್ತಿದ್ದಾಳೆ. ಅಂದು ಮಾತ್ರ ಎಲ್ಲರೂ ಕೂಡಿ ನಕ್ಕರು.

ರಾಚಪ್ಪ ನಕ್ಕದ್ದು ತುಸು ತಡವಾಗಿ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಿದ್ದಿತ್ತು. ಬುದ್ಧಿ ಚೊಕ್ಕವಾಗಿಯೇ ಇತ್ತು, ಆದರೆ ಮಾತು ನಾಲಿಗೆಗೆ ಬಂದು ಮುಟ್ಟಲು ಬಹಳ ಹೊತ್ತು ಹಿಡಿಯುತ್ತಿತ್ತು. ಒಂದು ಪ್ರಶ್ನೆ ಕೇಳಿ ಹತ್ತು ಹನ್ನೆರಡು ಎಣಿಸಿದರೆ ಉತ್ತರ. ಒಂದು ಕೇಳ್ರಿ, ಕೇಳಿ ಸುಮ್ಮನ ಕೂಡ್ರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೂಂ ಎಂದು ತಲೆಯಾಡಿಸಿ ಬಂದಿದ್ದ ಶಿವಲೀಲಾಳಿಗೆ ಮನೆಯಲ್ಲಿ ಹತ್ತು ಎಣಿಸುವ ಪುರಸೊತ್ತು ಯಾವಾಗಲೂ ಸಿಗಲಿಲ್ಲ. ಅವಳ ಗಂಡ ಬಸಲಿಂಗ ಶಾಲೆಯ ಮಾಸ್ತರ, ತಾಳಿದವನು ಬಾಳಿಯಾನು ಎಂದು ಬೋರ್ಡಿನ ಮೇಲೆ ಬರೆಸುವವನು. ಅವನೂ ಮನೆಯಲ್ಲಿ, "ಮಾವಾರ, ಫ್ಯಾನ್ ಹಚ್ಚಲೇನ್ರಿ?" ಎಂದು ಕೇಳಿ, ಉತ್ತರ ಬರುವುದರೊಳಗೆ, "ಕಿಟಕಿ ಮುಚ್ಚಲೇನ್ರಿ?" ಎನ್ನುತ್ತಿದ್ದ. ಫ್ಯಾನಿಗೆ ಹೊರಟಿದ್ದ "ಹೂಂ" ಆಗ ಬಂದು ಮುಟ್ಟುತ್ತಿತ್ತು. ಬಸಲಿಂಗ ಕಿಟಕಿ ಮುಚ್ಚುತ್ತಿದ್ದ. ಪಾಪ, ಮುದುಕ ಬೆವರುತ್ತ ಕೂತಿರುತ್ತಿದ್ದ.

ಹುಸೇನಸಾಬ ಮಾತ್ರ ಕಾಯುತ್ತಿದ್ದ. ಒಂದು ಮಾತು ಕೇಳಿ, ಕವಡೆಗಳನ್ನು ಅಂಗೈಯಲ್ಲಿ ಆಡಿಸುತ್ತ ಹೊರಗಿನ ಗಿಡ ನೋಡುತ್ತಿದ್ದ. ಉತ್ತರ ಬಂದ ಮೇಲೇ ಕವಡೆ ಉರುಳಿಸುತ್ತಿದ್ದ. ಒಂದು ಆಟ ಮುಗಿಯಲು ಇಡೀ ಮಧ್ಯಾಹ್ನ ಹೋಗುತ್ತಿತ್ತು.

ಮೃಗಶಿರಾ ಮಳೆ ಹಿಡಿದ ವಾರ, ಸೋಮವಾರ ಬೆಳಿಗ್ಗೆ, ನಕಾಶೆಯಲ್ಲಿ ಇಪ್ಪತ್ನಾಲ್ಕನೆಯ ನಂಬರ್ ಕೆಂಪಾಯಿತು. ಕಾಲರಾ. ಮೌನೇಶ ಕುರ್ಚಿ ಸರಿಸಿ ಎದ್ದವನು ನಂಬರ್ ನೋಡಿ ಮತ್ತೆ ಕೂತ. ಇಪ್ಪತ್ನಾಲ್ಕು ಅಂದರೆ ಮಿಲ್ಲಿನ ಚಾಳು. ಕಾರ್ಮಿಕರಿಗೆಂದು ಕಟ್ಟಿಸಿದ ಸಾಲುಮನೆಗಳು ಖಾಲಿಯಾಗಿ ನಾಲ್ಕು ವರ್ಷವಾಗಿ, ಅರ್ಧ ಕೆಡವಿ ಅರ್ಧ ಬಿಟ್ಟಿದ್ದರು. ಅಲ್ಲಿ ನಾಯಿ ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ. ಆದರೂ ಅದರ ನಂಬರ್ ಪಟ್ಟಿಯಲ್ಲಿತ್ತು. ಸರ್ಕಾರದ ಪಟ್ಟಿಗೆ ಹೆಸರು ಸೇರಿಸುವುದು ಒಂದು ಕಷ್ಟವಾದರೆ ತೆಗೆಸುವುದು ಹತ್ತು ಕಷ್ಟ.

"ದೆವ್ವಕ್ಕ ವಾಂತಿಭೇದಿ ಹತ್ತೈತ್ರಿ ಮೇಡಂ," ಎಂದ ಮೌನೇಶ.

ಶಿವಲೀಲಾಳೂ ನಕ್ಕಳು. ಆದರೂ ಬಿಡಲಿಲ್ಲ, ಯಮನೂರಪ್ಪನನ್ನು ಕಳಿಸಿದಳು. ಅವನು ಮಳೆಯಲ್ಲಿ ನೆನೆದು ಬಂದು, ಚಾಳಿನಲ್ಲಿ ಯಾರೂ ಇಲ್ಲವೆಂದೂ, ದವಾಖಾನೆಯ ವ್ಯಾನೂ ಬಂದು ಖಾಲಿ ಹೋಯಿತೆಂದೂ, ಪೆಟ್ಟಿಗೆಯಿರುವ ಗಟಾರದ ಮುಚ್ಚಳದ ಮೇಲೆ ಬಿದ್ದ ಗೋಡೆಯ ಕಲ್ಲುರಾಶಿ ಇದೆಯೆಂದೂ ಹೇಳಿದ. "ತಗ್ಗಿನ್ಯಾಗ ಮಳಿನೀರು ಹೊಕ್ಕು ಪೆಟ್ಟಿಗಿಗೆ ತಲಿ ಕೆಟ್ಟೈತ್ರಿ." ಅದು ಒಪ್ಪುವ ಮಾತೇ ಆಗಿತ್ತು. ಮಂಗಳವಾರವೂ ಕೆಂಪು, ಪ್ರತಿ ಸುತ್ತಿಗೂ ಗಂಟೆ ಬಾರಿಸುತ್ತಿತ್ತು. ಕೆಟ್ಟ ಪೆಟ್ಟಿಗೆಗಳ ಗಂಟೆ ನಿಲ್ಲಿಸುವ ಒಂದು ಪಟ್ಟಿಯಿತ್ತು, ಕೋಣೆಯವರು ಅದನ್ನು ಮೌನವ್ರತ ಎನ್ನುತ್ತಿದ್ದರು. ಮಂಗಳವಾರ ಮಧ್ಯಾಹ್ನ ಶಿವಲೀಲಾ ಇಪ್ಪತ್ನಾಲ್ಕನ್ನು ಮೌನವ್ರತಕ್ಕೆ ಹಾಕಿ ಊಟದ ಡಬ್ಬಿ ಬಿಚ್ಚಿದಳು.

ಗಂಟೆ ನಿಂತಿತು. ಚಾಳಿನ ಕಂಬದ ಕೆಂಪು ದೀಪ ಮಾತ್ರ ಮುರುಕು ಗೋಡೆಗಳ ಮೇಲೆ ಉರಿಯುತ್ತಲೇ ಇತ್ತು. ಪಕ್ಕದ ಪಿಂಜಾರ ಓಣಿ ಇಪ್ಪತ್ಮೂರನೆಯ ನಂಬರ್. ನಕಾಶೆಯಲ್ಲಿ ಅದರ ಮೇಲೆ ಯುಗಾದಿಯಿಂದಲೂ ಒಂದು ಹಳದಿ ಚುಕ್ಕೆ. ಓಣಿಯ ದೀಪ ಹಸಿರು.

ಗುರುವಾರ ಶಿವಲೀಲಾ ಮನೆಗೆ ಬಂದಾಗ ಆರು ಗಂಟೆ. ಚೌಕಾಬಾರದ ಹಲಗೆ ಗೋಡೆಗೆ ಆನಿಸಿಯೇ ಇತ್ತು. ಅಪ್ಪ ಮಂಚದ ಮೇಲೆ ಕೂತಿದ್ದ, ಮಧ್ಯಾಹ್ನದ ತಾಟಿನಲ್ಲಿ ಎರಡು ರೊಟ್ಟಿ, ಪಲ್ಯ ಮುಟ್ಟದೆ ಹಾಗೇ ಒಣಗಿದ್ದವು. ಅವಳು ಚೀಲ ಇಳಿಸುತ್ತ ಕೇಳಿದಳು, "ಹುಸೇನ ಕಾಕಾ ಇವತ್ತ ಯಾಕ ಬರಲಿಲ್ಲಪಾ?" ಒಣಹಾಕಿದ ಬಟ್ಟೆ ನೆನೆಯುತ್ತಿದ್ದವು. ಅವನ್ನು ಎಳೆದುಕೊಳ್ಳಲು ಹಿತ್ತಲಿಗೆ ಓಡುತ್ತ ಇನ್ನೊಂದು ಮಾತು ಕೇಳಿದಳು, "ಮತ್ತ ನೀ ಯಾಕ ಉಂಡಿಲ್ಲ? ಏನಾಗೈತಿ?"

ಅವಳು ಬಟ್ಟೆಯ ರಾಶಿ ಹೊತ್ತು ಒಳಗೆ ಬರುವಾಗ ಅಪ್ಪನ ಉತ್ತರ ಬಂತು.

"ಹೊಟ್ಟಿ ಕೆಟ್ಟೈತಿ."

"ಅಯ್ಯ, ಮೊದಲ ಹೇಳಬಾರದೇನು," ಎಂದಳು. ಮಳೆಗಾಲದ ಹೊಟ್ಟೆ, ಓಣಿ ಹಸಿರಿದೆ, ಹೆದರಬೇಕಾಗಿಲ್ಲ. ಅಕ್ಕಿ ತೊಳೆದಿಟ್ಟು, ಉಪ್ಪು ಹಾಕಿ, ತೆಳ್ಳಗೆ ಗಂಜಿ ಕಾಯಿಸಿ, ಚಮಚದಿಂದ ತಾನೇ ಕುಡಿಸಿದಳು. ಅಪ್ಪ ಬಾಯಿ ತೆರೆದಾಗಲೆಲ್ಲ ಏನೋ ಹೇಳಲಿದ್ದಾನೆ ಎನಿಸುತ್ತಿತ್ತು, ಅಷ್ಟರಲ್ಲಿ ಅವಳು ಇನ್ನೊಂದು ಚಮಚ ಇಡುತ್ತಿದ್ದಳು. ಶುಕ್ರವಾರ ಮೂರು ಹೊತ್ತೂ ಗಂಜಿ. ಹೊಟ್ಟೆ ಗಟ್ಟಿಯಾಗಲೆಂದು ಬಸಲಿಂಗ ದಾಳಿಂಬೆ ಸಿಪ್ಪೆಯ ಕಷಾಯವನ್ನೂ ಮಾಡಿಕೊಟ್ಟ. ರಾಚಪ್ಪ ಅದನ್ನೂ ಕುಡಿದ.

ಶನಿವಾರ ಬೆಳಿಗ್ಗೆ ಅವನು ಎಡಗೈಯಿಂದ ಬಟ್ಟಲನ್ನು ನೂಕಿದ. ಗಂಜಿ ಅವಳ ಸೀರೆಯ ಮೇಲೆ ಚೆಲ್ಲಿತು. "ಯಾಕಪಾ, ಇನ್ನೂ ಹೊಟ್ಟಿ ನೆಟ್ಟಗಾಗಿಲ್ಲೇನು?" ಎಂದು ಕೇಳಿ ಅವಳು ಸೆರಗು ಒರೆಸಿಕೊಳ್ಳುತ್ತ ಕೂತಳು. ಬೈಯಬೇಕೆನಿಸಿತ್ತು, ಕಲೆ ಹೋಗಲಿ ಮೊದಲು ಎಂದು ಸುಮ್ಮನಿದ್ದಳು. ಹೀಗೆ ಅವಳು ಕಾದದ್ದು ಕೈತಪ್ಪಿನಿಂದ.

"ನನಗಲ್ಲ," ಎಂದ ರಾಚಪ್ಪ.

ಅವಳು ತಲೆಯೆತ್ತಿದಳು. ಅವನ ತುಟಿ ಇನ್ನೂ ಆಡುತ್ತಿತ್ತು.

"ಹುಸೇನಗ. ನೀ ಕೇಳಿದ್ದಿ. ಯಾಕ ಬರಲಿಲ್ಲ ಅಂತ. ಫೋನ್ ಮಾಡಿದ್ದ. ಹೊಟ್ಟಿ ಕೆಟ್ಟೈತಿ ಅಂದ." ಇಷ್ಟು ಹೇಳಲು ಅವನಿಗೆ ಒಂದು ನಿಮಿಷ ಹಿಡಿಯಿತು. ಕಣ್ಣಲ್ಲಿ ನೀರಿತ್ತು. "ಈ ಗಂಜಿ ಅವಗ ಬೇಕಾಗಿತ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಎಷ್ಟೋ ಸಲ ಮೌನೇಶನನ್ನು ಆಡಿಕೊಂಡಿದ್ದಳು. ಈಗ ತಾನೇ ಎರಡು ದಿನ ಅದನ್ನು ಮಾಡಿದ್ದಳು. ಅಪ್ಪ ಸುಳ್ಳು ಹೇಳಿರಲಿಲ್ಲ. ಸರಿಯಾದ ಉತ್ತರವನ್ನೇ ಕೊಟ್ಟಿದ್ದ, ತುಸು ತಡವಾಗಿ. ಅಷ್ಟರಲ್ಲಿ ಅವಳು ಮುಂದಿನ ಪ್ರಶ್ನೆಗೆ ಹೋಗಿ, ಬಂದ ಉತ್ತರವನ್ನು ಅದರ ಎದುರಿಗೆ ಬರೆದುಕೊಂಡಿದ್ದಳು.

ಮುಂದಿನದರ ಎದುರಿಗೆ. ಶಿವಲೀಲಾ ಸೆರಗು ಬಿಟ್ಟು ಎದ್ದಳು. ಇಪ್ಪತ್ಮೂರು ಹಳೆಯ ಪೆಟ್ಟಿಗೆ, ಮಿಲ್ಲಿನದು. ಕಾಲು ಸೆಕೆಂಡು ಅದಕ್ಕೆ ಸಾಲದು. ಕಂಪ್ಯೂಟರ್ ಅದನ್ನು ಕರೆದು, ಕಾದು, ಹಳದಿ ಚುಕ್ಕೆ ಇಟ್ಟು ಇಪ್ಪತ್ನಾಲ್ಕನ್ನು ಕರೆಯುತ್ತದೆ. ಕಲ್ಲುರಾಶಿಯ ಕೆಳಗಿನ ಇಪ್ಪತ್ನಾಲ್ಕು ಸತ್ತಿರಬೇಕು, ಬಾಯಿ ತೆರೆಯುವುದಿಲ್ಲ. ಆ ಹೊತ್ತಿಗೆ ಇಪ್ಪತ್ಮೂರರ ತಡವಾದ ಉತ್ತರ ತಂತಿಯ ಮೇಲೆ ಬರುತ್ತದೆ, ಹೆಸರಿಲ್ಲದೆ. ಕಾಲರಾ ಇರುವುದು ಚಾಳಿನ ದೆವ್ವಗಳಿಗಲ್ಲ. ಪಿಂಜಾರ ಓಣಿಯ ನೂರಿಪ್ಪತ್ತು ಮನೆಗಳಿಗೆ.

ಅವಳು ಹುಸೇನಸಾಬನ ಮನೆಗೆ ಫೋನು ಮಾಡಿದಳು. ಅವನ ಸೊಸೆ ಶಮಶಾದ ಎತ್ತಿದಳು.

"ಬುಧವಾರದಿಂದ ಹಂಗ ಹೋಗಾಕತ್ತೈತಿ ಅಕ್ಕಾ. ಮಾವಿನಹಣ್ಣು ಜಾಸ್ತಿ ತಿಂದ್ರು ಅಂತ ಸುಮ್ಮನಿದ್ವಿ. ನಮ್ಮನ್ಯಾಗ ಅಷ್ಟ ಅಲ್ಲ, ಓಣಿ ತುಂಬ ಹಿಂಗ. ಆದರ ದೀಪ ಹಸಿರೈತಲ್ಲ ಅಕ್ಕಾ, ಅದಕ್ಕ ಯಾರೂ ಚಿಂತಿ ಮಾಡಿಲ್ಲ. ನೀರು ಕುಡಿಸಿದ್ರ ಮತ್ತ ಹೋಗತೈತಿ ಅಂತ ನೀರೂ ಕಡಿಮಿ ಮಾಡೀವಿ. ಈಗ ಮಾವಾರು ಕಣ್ಣು ಬಿಡವಲ್ರು."

"ದೀಪ ನೋಡಬ್ಯಾಡ ತಂಗಿ," ಎಂದಳು ಶಿವಲೀಲಾ. "ದೀಪ ಸುಳ್ಳು ಹೇಳಾಕತ್ತೈತಿ. ಆಟೋ ತರಿಸು, ಈಗಿಂದೀಗ ದೊಡ್ಡ ದವಾಖಾನಿಗೆ ಕರಕೊಂಡು ನಡಿ. ಉಪ್ಪು ಸಕ್ಕರಿ ಹಾಕಿ ನೀರು ಕುಡಿಸಿಕೋತ ಹೋಗು. ಓಣಿಯವರಿಗೆಲ್ಲಾ ಹೇಳು."

ತಾನು ಗಂಜಿಯ ಕಲೆಯ ಸೀರೆಯಲ್ಲೇ ಸ್ಕೂಟರ್ ಹತ್ತಿ ನೀರಿನ ಟಾಕಿಗೆ ಹೋದಳು. ವ್ಯಾನು ಕಳಿಸಲು ದವಾಖಾನೆಗೆ ಫೋನು ಮಾಡಿದರೆ ಆ ಕಡೆಯವನು ತನ್ನ ಪರದೆ ನೋಡಿ, "ಇಪ್ಪತ್ಮೂರು ಹಸಿರೈತಲ್ರಿ ಮೇಡಂ, ಹಸಿರಿಗೆ ವ್ಯಾನ್ ಬಿಡಾಕ ಬರಂಗಿಲ್ರಿ," ಎಂದ. ಆ ನಿಯಮದ ಕಾಗದಕ್ಕೆ ಅವಳದೂ ಒಂದು ಸಹಿಯಿತ್ತು. ಅವಳು ವಾದಿಸಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಕಾಲು ಸೆಕೆಂಡನ್ನು ಅಳಿಸಿ ಅರ್ಧ ಸೆಕೆಂಡು ಬರೆದಳು. ಮೌನೇಶ ಹಿಂದೆ ಬಂದು ನಿಂತ. ಸುತ್ತು ಒಂದರಿಂದ ಶುರುವಾಯಿತು. ಹಳದಿ ಚುಕ್ಕೆಗಳು ಒಂದೊಂದಾಗಿ ಅಳಿಯತೊಡಗಿದವು. ಇಪ್ಪತ್ಮೂರನ್ನು ಕರೆದಾಗ ಪಿಂಜಾರ ಓಣಿ ಕೆಂಪಾಯಿತು, ಗಂಟೆ ಬಾರಿಸಿತು. ಇಪ್ಪತ್ನಾಲ್ಕನ್ನು ಕರೆದಾಗ ಯಾರೂ ಉತ್ತರಿಸಲಿಲ್ಲ.

"ಅಂದ್ರ ಇಷ್ಟು ದಿನ..." ಎಂದ ಮೌನೇಶ.

"ಹೌದು," ಎಂದಳು. "ಸೋಮವಾರದಿಂದ ಹೇಳಾಕತ್ತಿತ್ತು. ನಾವು ನಕ್ವಿ."

ವ್ಯಾನುಗಳು ಹೋದವು. ಆ ದಿನ ಪಿಂಜಾರ ಓಣಿಯಿಂದ ಅರವತ್ತೊಂದು ಜನರನ್ನು ಎತ್ತಿ ತಂದರು. ಐವತ್ತೆಂಟು ಜನ ಉಳಿದರು. ಉಳಿಯದ ಮೂವರಲ್ಲಿ ಹುಸೇನಸಾಬ ಒಬ್ಬ, ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ. ಎಪ್ಪತ್ನಾಲ್ಕು ವರ್ಷದ ಮೈ, ನೀರೆಲ್ಲ ಬತ್ತಿ ಕೈಯ ತೊಗಲು ಹಿಡಿದರೆ ಹಿಡಿದಂತೆಯೇ ನಿಲ್ಲುತ್ತಿತ್ತು. ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ಸಣ್ಣ ವಯಸ್ಸಿನ ಡಾಕ್ಟರಮ್ಮ ಯಾರನ್ನೂ ದೂರದೆ ಹೇಳಿದಳು, "ಗುರುವಾರನ ಬಂದಿದ್ರ ಸಲೈನ್‌ನ್ಯಾಗ ಉಳೀತಿದ್ರು. ಮನ್ಯಾಗ ಉಪ್ಪು ಹಾಕಿದ ಗಂಜಿ ಕುಡಿಸಿದ್ರೂ ಶಕ್ತಿ ಹಿಡೀತಿದ್ರು." ಶಿವಲೀಲಾ ಸೀರೆಯ ಕಲೆಯನ್ನು ಕೈಯಿಂದ ಮುಚ್ಚಿಕೊಂಡಳು.

ಗೆಳೆಯನ ಮಣ್ಣಿಗೆ ರಾಚಪ್ಪನನ್ನು ಆಟೋದಲ್ಲಿ ಕರೆದೊಯ್ದರು. ಬಸಲಿಂಗ ಭುಜ ಹಿಡಿದು ನಿಲ್ಲಿಸಿದ. ಎಡಗೈಯಿಂದ ಮೂರು ಹಿಡಿ ಮಣ್ಣು ಹಾಕಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಹಿಂದೆ ನಿಂತವರು ಯಾರೂ ಅವಸರ ಮಾಡಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ವಿಚಾರಣೆಯೂ ಆಯಿತು. ಚಾಳಿನ ಕಲ್ಲುರಾಶಿ ಎತ್ತಿಸಿ ಗಟಾರದ ಮುಚ್ಚಳ ತೆಗೆದರೆ ಒಳಗೆ ಪೆಟ್ಟಿಗೆಯೇ ಇರಲಿಲ್ಲ. ಯಾರೋ ಯಾವಾಗಲೋ ಬಿಚ್ಚಿಕೊಂಡು ಹೋಗಿದ್ದರು, ತಂತಿಯ ಎರಡು ತುದಿಗಳು ಜೋತಾಡುತ್ತಿದ್ದವು. ಕಾಯುವ ಹೊತ್ತನ್ನು ಇಳಿಸಿದವಳು ತಾನು, ಗಂಟೆ ನಿಲ್ಲಿಸಿದವಳೂ ತಾನು ಎಂದು ಶಿವಲೀಲಾ ಎರಡು ಪುಟ ಬರೆದು ಕೊಟ್ಟಳು. ವಿಚಾರಣೆಯ ಅಧಿಕಾರಿ ಓದಿ, ಆ ಎರಡು ಪುಟಗಳನ್ನು ಮಡಿಸಿ ಅವಳ ಕೈಗೇ ಕೊಟ್ಟ. "ಇದೆಲ್ಲಾ ಯಾಕ್ರೀ ಬರೀತೀರಿ? ಹಳೇ ಯಂತ್ರ, ತಾಂತ್ರಿಕ ದೋಷ. ನೀವು ಪತ್ತೆ ಹಚ್ಚಿದ್ರಿ ಅಂತ ಅರವತ್ತು ಜೀವ ಉಳಿದ್ವು. ಹಂಗ ಬರಸೋಣ." ಹಾಗೇ ಬರೆಸಿದ. ಶಾಲು ಕೊಟ್ಟ ದಿನ ಅವಳು ಬೇಡ ಎನ್ನಲಿಲ್ಲ. ಈ ಮಾತು ಬೇಡ ಎಂದಳು, ಯಾರೂ ಕೇಳಲಿಲ್ಲ.

ಈಗ ಕಂಪ್ಯೂಟರ್ 'ಯಾರು' ಎಂದು ಎರಡು ಸಲ ಕೇಳುತ್ತದೆ, ಒಂದು ಪೂರ್ತಿ ಸೆಕೆಂಡು ಕಾಯುತ್ತದೆ, ಪೆಟ್ಟಿಗೆ ತನ್ನ ನಂಬರ್ ಹೇಳದೆ ಅಂಕಿ ಹೇಳಿದರೆ ಒಪ್ಪುವುದಿಲ್ಲ. ಅದನ್ನು ಬರೆಯಲು ಶಿವಲೀಲಾಳಿಗೆ ಹಿಡಿದದ್ದು ಒಂದೇ ಮಧ್ಯಾಹ್ನ. ಯುಗಾದಿಯ ಮೊದಲೂ ಅವಳಿಗೆ ಅಂಥ ಮಧ್ಯಾಹ್ನಗಳು ಎಷ್ಟೋ ಇದ್ದವು. ನಕಾಶೆ ಎರಡು ನಿಮಿಷಕ್ಕೊಮ್ಮೆ ನಿಧಾನವಾಗಿ ಮಿಸುಕುತ್ತದೆ. ಪಿಂಜಾರ ಓಣಿಯವರು ದೀಪದ ಕಂಬಕ್ಕೆ ಗೋಣಿಚೀಲ ಕಟ್ಟಿಬಿಟ್ಟಿದ್ದಾರೆ. ಮಕ್ಕಳ ಹಣೆ ಮುಟ್ಟಿ ನೋಡುತ್ತಾರೆ.

ಹುಸೇನಸಾಬನ ಮಣ್ಣಾದ ಮುಂದಿನ ಗುರುವಾರ ಅವಳು ರಜೆ ಹಾಕಿದ್ದಳು. ಮಧ್ಯಾಹ್ನ ಅಪ್ಪ ಗೋಡೆಯ ಕಡೆ ನೋಡುತ್ತಿದ್ದ. ಅವಳು ಹಲಗೆ ತಂದು ಮಂಚದ ಮುಂದಿಟ್ಟು, ಕವಡೆ ಹರವಿ, ಹುಸೇನಸಾಬ ಕೂರುತ್ತಿದ್ದ ಮಣೆಯ ಮೇಲೆ ಕೂತಳು. ಆಡಲು ಇಬ್ಬರಿಗೂ ಕೈ ಬರಲಿಲ್ಲ.

"ಅಪ್ಪಾ," ಎಂದಳು. "ಆ ಪೆಟ್ಟಿಗಿ ಕಾಯೋ ಹೊತ್ತು ಕಡಿಮಿ ಮಾಡಿದಾಕಿ ನಾನ. ಕಾಕಾ ಅವಸರ ಮಾಡಬ್ಯಾಡ ಅಂದಿದ್ರು. ನೀನೂ ಹೇಳಿದ್ದಿ, ನಾ ನಿಂತು ಕೇಳಲಿಲ್ಲ. ತಪ್ಪು ನಂದ." ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ನನ್ನ ಮ್ಯಾಲ ಸಿಟ್ಟೈತೇನಪಾ?"

ಕೇಳಿ ಸುಮ್ಮನೆ ಕೂತಳು. ಕವಡೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, ಹೊರಗಿನ ಗಿಡ ನೋಡುತ್ತ, ಮನಸ್ಸಿನಲ್ಲೇ ಎಣಿಸಿದಳು. ಏಳು. ಎಂಟು. ಅಪ್ಪನ ತುಟಿ ಅಲುಗಿತು. ಒಂಬತ್ತು.

"ಮಾವಾರ, ಚಾ ಮಾಡ್ಲೇನ್ರಿ?" ಎಂದು ಬಸಲಿಂಗ ಅಡುಗೆಮನೆಯಿಂದ ಕೂಗಿದ.

"ಹೂಂ," ಎಂದ ರಾಚಪ್ಪ.

ಯಾವುದಕ್ಕೆ ಎಂದು ಇನ್ನೊಮ್ಮೆ ಕೇಳಬಹುದಿತ್ತು. ಕೇಳಲು ಶಿವಲೀಲಾಳಿಗೆ ಧೈರ್ಯ ಬರಲಿಲ್ಲ. ಒಳಗೆ ಸಕ್ಕರೆಯ ಡಬ್ಬಿಯ ಸದ್ದು ಕೇಳುತ್ತಿತ್ತು.

ಬಸಲಿಂಗ ಎಂದಿನಂತೆ ಒಂದು ಕಪ್ಪು, ಒಂದು ಬಸಿ ತಂದಿಟ್ಟ. ಗುರುವಾರದ ರೂಢಿ ಕೈಗೆ ಹತ್ತಿತ್ತು. ಇಟ್ಟ ಮೇಲೆ ನೆನಪಾಗಿ ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದ. ರಾಚಪ್ಪ ಎಡಗೈಯಿಂದ ಕಪ್ಪನ್ನು ಬಾಗಿಸಿ, ಒಂದು ಹನಿಯೂ ಚೆಲ್ಲದಂತೆ, ಅರ್ಧ ಚಹಾವನ್ನು ಬಸಿಗೆ ಸುರಿದ. ಬಸಿಯನ್ನು ಹಲಗೆಯ ಮೇಲಿಂದ ನಿಧಾನವಾಗಿ ಎದುರಿನ ಮಣೆಯ ಕಡೆಗೆ ಸರಿಸಿದ.

ಅದು ಮಣೆಯ ಮೇಲೆ ಕೂತಿರುವ ತನಗೋ, ಅಲ್ಲಿ ಕೂರುತ್ತಿದ್ದವನಿಗೋ ಎಂದು ಅವಳಿಗೆ ತಿಳಿಯಲಿಲ್ಲ. ಅಪ್ಪ ಕಾಯುತ್ತಿದ್ದ. ಶಿವಲೀಲಾ ಎರಡೂ ಕೈಯಿಂದ ಬಸಿ ಎತ್ತಿ ಕುಡಿದಳು.